ಮೂಳೆ ಕೂಡಿತು, ಬಟ್ಟೆ ಹಿಂಡೋಕೆ ಬಂತಾ?

ನಮ್ಮಮ್ಮ ಬಿದ್ದದ್ದು ಬೆಳಗಿನ ಹೊತ್ತು, ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡಲು ಹೊರಟಾಗ. ಬೆಂಗಳೂರಿನ ಮತ್ತಿಕೆರೆಯ ನಮ್ಮ ಅಡ್ಡರಸ್ತೆಯಲ್ಲಿ ಹೆಚ್ಚಿನ ಮನೆಗಳಿಗೆ ನುಣುಪಾದ ಗ್ರಾನೈಟ್ ಮೆಟ್ಟಿಲು. ರಾತ್ರಿ ಮಳೆ ಬಂದಿತ್ತು, ಕಾಲು ಜಾರಿತು. ಬೀಳುವಾಗ ಯಾರೇ ಆದರೂ ಮಾಡುವುದನ್ನೇ ಅವಳೂ ಮಾಡಿದಳು: ಬಲಗೈ ಚಾಚಿ ನೆಲಕ್ಕೆ ಊರಿದಳು. ನಾನು ಹೊರಗೆ ಬರುವಷ್ಟರಲ್ಲಿ ಎದ್ದು ಕೂತು, ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದುಕೊಂಡಿದ್ದಳು. "ಉಳುಕಿದೆ ಅಷ್ಟೆ ಕಣೋ" ಅಂದಳು. ಮಣಿಕಟ್ಟಿನ ಆಕಾರ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು. ಮುಂಗೈ ನೇರವಾಗಿ ಬಂದು, ಮಣಿಕಟ್ಟಿನ ಹತ್ತಿರ ಸಟ್ಟನೆ ಮೇಲೆದ್ದು, ಮತ್ತೆ ಬೆರಳುಗಳ ಕಡೆಗೆ ಇಳಿದಿತ್ತು. ವೈದ್ಯಕೀಯ ಪುಸ್ತಕಗಳು ಇದನ್ನು ಬೋರಲು ಹಾಕಿದ ಫೋರ್ಕಿಗೆ ಹೋಲಿಸುತ್ತವೆ. ಸಾರಿನ ಸೌಟನ್ನು ಬೋರಲು ಹಾಕಿ ಅದರ ಕತ್ತು ನೋಡಿದರೆ ನಮಗೆ ಇನ್ನೂ ಬೇಗ ಗೊತ್ತಾಗುತ್ತದೆ.

ಈ ಆಕಾರವನ್ನು 1814ರಲ್ಲಿ ವಿವರಿಸಿದವನು ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್. ರಾಂಟ್‌ಜನ್‌ಗೆ ಎಕ್ಸ್‌ರೇ ಸಿಕ್ಕಿದ್ದು 1895ರಲ್ಲಿ. ಅಂದರೆ ಇನ್ನೂ 81 ವರ್ಷ ಬಾಕಿ ಇದ್ದಾಗ, ಬರೀ ಕಣ್ಣು ಮತ್ತು ಬೆರಳುಗಳನ್ನು ನಂಬಿ, ಇದು ಕೀಲು ತಪ್ಪಿದ್ದಲ್ಲ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಮುಂಗೈ ಮೂಳೆಯೇ ಮುರಿದದ್ದು ಎಂದು ಆತ ಹೇಳಿದ. ಇನ್ನೊಂದು ಮಾತನ್ನೂ ಸೇರಿಸಿದ್ದ: ಸೊಟ್ಟ ಜೀವನಪರ್ಯಂತ ಉಳಿದರೂ, ಎಂದಾದರೊಂದು ದಿನ ಕೈ ನೋವಿಲ್ಲದೆ ಎಲ್ಲ ಚಲನೆಗಳನ್ನೂ ಮರಳಿ ಪಡೆಯುತ್ತದೆ ಎಂದು. ಅದು ಅನುಭವದ ಮಾತು, ಎಣಿಸಿ ಹೇಳಿದ ಮಾತಲ್ಲ. ಈ ಎರಡರ ನಡುವಿನ ಅಂತರವೇ ಈ ಅಧ್ಯಾಯದ ವಿಷಯ.

ಅಮ್ಮನ ಸುತ್ತ ಅಷ್ಟರಲ್ಲಿ ಬೀದಿ ಸೇರಿತ್ತು. "ಪುತ್ತೂರು ಕಟ್ಟು ಹಾಕ್ಸಿ, ನಮ್ ಯಜಮಾನ್ರಿಗೆ ಮೂರೇ ಕಟ್ಟಿಗೆ ಸರಿಹೋಯ್ತು" ಅಂದರು ಎದುರು ಮನೆಯವರು. "ಅದೆಲ್ಲ ಬೇಡ, ಸೀದಾ ಆಸ್ಪತ್ರೆಗೆ ಹೋಗಿ" ಅಂದರು ಇನ್ನೊಬ್ಬರು. ಮತ್ತಿಕೆರೆಯಲ್ಲಿ ನಿಂತು ಆಸ್ಪತ್ರೆ ದೂರ ಅನ್ನುವಂತಿಲ್ಲ. ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜು 1979ರಿಂದ ಮಗ್ಗುಲಲ್ಲೇ ಇದೆ. ಯಶವಂತಪುರ, ಹೆಬ್ಬಾಳಗಳ ಕಡೆಯೂ ಮೂಳೆ ವೈದ್ಯರ ಬೋರ್ಡುಗಳು ಸಾಲುಸಾಲು. ನಾವು ಆಟೋ ಹತ್ತಿ ಹೊರಟೆವು.

ಪ್ಲಾಸ್ಟರ್ ರೂಮಿನಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಲೇಬೇಕು. ವೈದ್ಯರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೈ ಎಳೆದು, ಮೂಳೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಪ್ಲಾಸ್ಟರ್ ಹಾಕುವ ಅಣ್ಣ ಬಿಳಿ ಪಟ್ಟಿಯ ಸುರುಳಿಯೊಂದನ್ನು ಬಕೆಟ್ಟಿನ ನೀರಲ್ಲಿ ನಿಲ್ಲಿಸಿದ. ಗುಳುಗುಳು ಗುಳ್ಳೆ ಎದ್ದವು. ಗುಳ್ಳೆ ನಿಂತ ಮೇಲೇ ಎತ್ತಿ, ಎರಡೂ ತುದಿ ಹಿಡಿದು ಮೆಲ್ಲಗೆ ಒತ್ತಿ, ಹತ್ತಿಯ ಮೇಲೆ ಸುತ್ತುತ್ತಾ ಅಂಗೈಯಿಂದ ಸವರುತ್ತಾ ಹೋದ. "ಬಿಸಿ ಆಗ್ತಿದೆ ಕಣಪ್ಪಾ" ಅಂದಳು ಅಮ್ಮ ಗಾಬರಿಯಿಂದ. "ಆಗ್ಬೇಕಮ್ಮಾ, ಆವಾಗ್ಲೇ ಗಟ್ಟಿಯಾಗೋದು" ಅಂದ. ಅವನ ಮಾತಿನಲ್ಲಿ ಇಡೀ ರಸಾಯನಶಾಸ್ತ್ರ ಇತ್ತು. ಜಿಪ್ಸಮ್ ಎಂಬ ಕಲ್ಲನ್ನು ಕಾಯಿಸಿದರೆ ತನ್ನೊಳಗಿನ ನೀರನ್ನು ಬಹುಪಾಲು ಬಿಟ್ಟು ಪುಡಿಯಾಗುತ್ತದೆ. ಆ ನೀರನ್ನು ಮರಳಿ ಕೊಟ್ಟರೆ ಪುಡಿ ಮತ್ತೆ ಕಲ್ಲಾಗುತ್ತದೆ, ಕಾಯಿಸುವಾಗ ಹೀರಿದ ಶಾಖವನ್ನೂ ಹೊರಗೆ ಬಿಡುತ್ತದೆ. ಈ ಪುಡಿಯನ್ನು ಬಟ್ಟೆಯ ಪಟ್ಟಿಗೆ ಹಚ್ಚಿ ಮುರಿದ ಮೂಳೆಗೆ ಸುತ್ತಬಹುದೆಂದು 1851ರಲ್ಲಿ ಕಂಡುಕೊಂಡವನು ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಾಥೈಸನ್.

ಆದರೆ ಪ್ಲಾಸ್ಟರ್ ಮೂಳೆಯನ್ನು ಕೂಡಿಸುವುದಿಲ್ಲ. ಅದು ಅಲುಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೆ. ಕೂಡಿಸುವ ಕೆಲಸ ದೇಹದ್ದು. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ದಿನಗಳಲ್ಲಿ ಆ ಹೆಪ್ಪಿನೊಳಕ್ಕೆ ಜೀವಕೋಶಗಳು, ಹೊಸ ರಕ್ತನಾಳಗಳು ನುಗ್ಗುತ್ತವೆ. ಎರಡು ಮೂರು ವಾರಕ್ಕೆ ಮೃದ್ವಸ್ಥಿಯ ಮೆತ್ತನೆಯ ಬೆಸುಗೆ. ಇದನ್ನು ಕ್ಯಾಲಸ್ ಎನ್ನುತ್ತಾರೆ. ಆಮೇಲೆ ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಮುಂದಿನ ತಿಂಗಳುಗಳು, ಕೆಲವೊಮ್ಮೆ ವರ್ಷಗಳು, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಹೆಚ್ಚಾದದ್ದನ್ನು ಕೆತ್ತಿ, ಕಡಿಮೆಯಾದದ್ದನ್ನು ತುಂಬಿ, ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಚರ್ಮ ಕೂಡಿದರೆ ಕಲೆ ಉಳಿಯುತ್ತದೆ. ಮೂಳೆ ಕಲೆಯಿಲ್ಲದೆ, ಮೂಳೆಯಾಗಿಯೇ ಕೂಡಬಲ್ಲದು. ನಮ್ಮ ದೇಹದಲ್ಲಿ ಈ ಶಕ್ತಿ ಇರುವ ಅಂಗಗಳು ಬಹಳ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ವೈದ್ಯರು "ಚೆನ್ನಾಗಿ ಕೂಡಿದೆ" ಅಂದರು. ಮನೆಗೆ ಬಂದ ಅಮ್ಮ ಬಚ್ಚಲಲ್ಲಿ ನೆನೆಹಾಕಿದ್ದ ಟವೆಲ್ ತೆಗೆದು ಹಿಂಡಲು ಹೋದಳು. ಆಗಲಿಲ್ಲ. ನೀರು ತೊಟ್ಟಿಕ್ಕುವ ಟವೆಲನ್ನು ಹಾಗೇ ಹಿಡಿದುಕೊಂಡು ನಿಂತಿದ್ದ ಅವಳ ಮುಖ ನನಗೆ ಇನ್ನೂ ನೆನಪಿದೆ. ಬಟ್ಟೆ ಹಿಂಡುವುದು ನೋಡಲು ಸುಲಭ, ಮಣಿಕಟ್ಟಿಗೆ ಅದು ಕಠಿಣ ಪರೀಕ್ಷೆ. ಮುಷ್ಟಿ ಬಿಗಿಯಬೇಕು, ಅದೇ ಹೊತ್ತಿಗೆ ಮುಂಗೈ ತಿರುಗಬೇಕು. ಮುಂಗೈಯ ಹೆಬ್ಬೆರಳ ಕಡೆಯ ಮೂಳೆ ಮಣಿಕಟ್ಟಿನ ಹತ್ತಿರ ಸಾಮಾನ್ಯವಾಗಿ ಸುಮಾರು 11 ಡಿಗ್ರಿ ಅಂಗೈ ಕಡೆಗೆ ವಾಲಿರುತ್ತದೆ. ಕೋಲಿಸ್ ಮುರಿತದಲ್ಲಿ ಅದು ಹಿಂದಕ್ಕೆ ವಾಲಿ, ಎಷ್ಟೋ ಸಲ ತುಸು ಗಿಡ್ಡವೂ ಆಗಿ ಕೂಡುತ್ತದೆ. ಪಕ್ಕದ ಮೂಳೆಯ ಜೊತೆ ಅದರ ಹೊಂದಾಣಿಕೆ ತಪ್ಪಿದರೆ ಹಿಡಿತ ಕುಗ್ಗುತ್ತದೆ, ತಿರುಗುವುದು ನೋಯುತ್ತದೆ. ಮೂಳೆ ಕೂಡಿದೆ ಎಂದು ವೈದ್ಯರು ಹೇಳಿದ್ದು ನಿಜ, ಕೈ ಬಂದಿಲ್ಲ ಎಂದು ಅಮ್ಮ ಹೇಳಿದ್ದೂ ನಿಜ.

ಈ ಎರಡು ನಿಜಗಳನ್ನು ಒಂದೇ ಹಾಳೆಯ ಮೇಲೆ ತರುವ ಪ್ರಯತ್ನಕ್ಕೆ ಕ್ಲಿನಿಕಲ್ ಅಧ್ಯಯನ ಎಂದು ಹೆಸರು. ಅಮ್ಮನ ವಿಷಯದಲ್ಲಿ ಅದನ್ನು ಮಾಡುತ್ತಿದ್ದವನು ಆರ್ಥೋಪೆಡಿಕ್ಸ್‌ನಲ್ಲಿ ಎಂ.ಎಸ್. ಓದುತ್ತಿದ್ದ ಒಬ್ಬ ಯುವ ವೈದ್ಯ. ಅಂಥ ವಿದ್ಯಾರ್ಥಿಗಳನ್ನು ಆಸ್ಪತ್ರೆಯಲ್ಲಿ ಎಲ್ಲರೂ 'ಪಿಜಿ' ಅನ್ನುತ್ತಾರೆ. ಮೂರು ವರ್ಷದ ಓದಿನಲ್ಲಿ ಪ್ರತಿಯೊಬ್ಬ ಪಿಜಿಯೂ ಒಂದು ಪ್ರಬಂಧ ಬರೆಯಲೇಬೇಕು. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕರ್ನಾಟಕದ ಮೂಲೆಮೂಲೆಯ ಕಾಲೇಜುಗಳಿಂದ ಇಂಥ ಪ್ರಬಂಧಗಳು ಬಂದಿವೆ: ತೊಡೆಮೂಳೆಯ ಮುರಿತಕ್ಕೆ ರಾಡು, ಮಂಡಿ ಕೆಳಗಿನ ಮುರಿತಕ್ಕೆ ಪ್ಲೇಟು, ಭುಜದ ಮುರಿತ, ಹರಿದ ಮಂಡಿಯ ಲಿಗಮೆಂಟು. ಒಂದೊಂದರಲ್ಲೂ ಸಾಮಾನ್ಯವಾಗಿ ಇಪ್ಪತ್ತೋ ಮೂವತ್ತೋ ರೋಗಿಗಳು. ಯಾರು ಹೇಗೆ ಬಿದ್ದರು, ಎಷ್ಟು ಹೊತ್ತಿಗೆ ಬಂದರು, ಏನು ಮಾಡಿದೆವು, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಹೇಗಿದ್ದರು. ಹಲವರು ಇವನ್ನು ಪರೀಕ್ಷೆಗೆ ಬೇಕಾದ ಕಾಗದ ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಮೂವತ್ತು ಜನರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ನಿಜ. ಆದರೆ ನಮ್ಮೂರ ಮೂಳೆಗಳು ಹೇಗೆ ಮುರಿಯುತ್ತವೆ ಎಂಬುದನ್ನು ಒಬ್ಬೊಬ್ಬರ ಪಕ್ಕ ಕೂತು ಬರೆದಿಟ್ಟ ದಾಖಲೆ ಬೇರೆ ಎಲ್ಲಿದೆ?

ಅಮ್ಮನಿಗೆ ಅವನು ಕನ್ನಡದಲ್ಲಿ ಟೈಪಾದ ಒಪ್ಪಿಗೆ ಪತ್ರ ಓದಿ ಹೇಳಿದ. ಸೇರುವುದು ಬಿಡುವುದು ನಿಮ್ಮಿಷ್ಟ, ನಡುವೆ ಬಿಟ್ಟರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ, ಹೆಸರು ಎಲ್ಲೂ ಬರುವುದಿಲ್ಲ. ಅಮ್ಮ ಎಡಗೈಯಲ್ಲಿ ಹೇಗೋ ಸಹಿ ಮಾಡಿದಳು. ಆಮೇಲೆ ಪ್ರಶ್ನೆಗಳು. ಕೆನಡಾದಲ್ಲಿ ರೂಪುಗೊಂಡು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಮಣಿಕಟ್ಟಿನ ಪ್ರಶ್ನಾವಳಿ ಅದು. ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಬಾಗಿಲಿನ ಗುಂಡು ಹಿಡಿಕೆ ತಿರುಗಿಸಲು ಕಷ್ಟವೇ? ಅಂಗಿಯ ಗುಂಡಿ ಹಾಕಲು? ಕುರ್ಚಿಯಿಂದ ಕೈಯೂರಿ ಏಳಲು? ಹತ್ತು ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ಭಾರ ಎತ್ತಲು? ಚಾಕುವಿನಿಂದ ಮಾಂಸ ಕತ್ತರಿಸಲು? ಶೌಚಕ್ಕೆ ಟಿಶ್ಯೂ ಕಾಗದ ಬಳಸಲು?

ಅಮ್ಮ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಮಾಂಸ ಬರುವುದಿಲ್ಲ, ಬಾಗಿಲಿಗೆ ಚಿಲಕ, ಶೌಚಕ್ಕೆ ಚೊಂಬಿನ ನೀರು. ಆ ಪಿಜಿ ಜಾಣ, ಅಲ್ಲೇ ತಿದ್ದಿ ಕೇಳಿದ: "ತರಕಾರಿ ಹೆಚ್ತೀರಲ್ಲಮ್ಮಾ, ಅದು ಆಗುತ್ತಾ?" ಹಾಗೆ ಮಾಡಿದ್ದು ಮನುಷ್ಯತ್ವ. ಆದರೆ ಒಬ್ಬೊಬ್ಬರು ಒಂದೊಂದು ಥರ ತಿದ್ದಿದರೆ ಅಂಕಗಳನ್ನು ಹೋಲಿಸುವುದು ಹೇಗೆ? ಅದಕ್ಕೇ ಇಂಥ ಪ್ರಶ್ನಾವಳಿಗಳನ್ನು ಬೇರೆ ಭಾಷೆಗೆ ತರಲು ಒಂದು ಕ್ರಮ ಇದೆ. ಅನುವಾದ ಮಾಡಿ, ಅದನ್ನು ಇನ್ನೊಬ್ಬರಿಂದ ಮೂಲಭಾಷೆಗೆ ಮರಳಿಸಿ ತಾಳೆ ನೋಡಿ, ಅಲ್ಲಿನ ಬದುಕಿಗೆ ಹೊಂದದ ಪ್ರಶ್ನೆಗೆ ಅದೇ ಚಲನೆಯನ್ನು ಬೇಡುವ ಇನ್ನೊಂದನ್ನು ಇಟ್ಟು, ನಿಜವಾದ ರೋಗಿಗಳ ಮೇಲೆ ಪರೀಕ್ಷಿಸಬೇಕು. ಬಟ್ಟೆ ಹಿಂಡುವುದು, ಚಪಾತಿ ಹಿಟ್ಟು ನಾದುವುದು, ತುಂಬಿದ ಕುಕ್ಕರ್ ಒಲೆಯಿಂದ ಇಳಿಸುವುದು: ನನ್ನನ್ನು ಕೇಳಿದರೆ ಮತ್ತಿಕೆರೆಯ ಮಣಿಕಟ್ಟಿಗೆ ಈ ಮೂರು ಪ್ರಶ್ನೆ ಇಲ್ಲದೆ ಅಂಕವೇ ಪೂರ್ತಿಯಾಗದು.

ಹಾಗೆಂದು ಹೊರಗಿನಿಂದ ಬಂದ ಪ್ರಶ್ನೆಗಳೆಲ್ಲ ವ್ಯರ್ಥ ಅಂತಲ್ಲ. ಇದೇ ಪ್ರಶ್ನಾವಳಿಯನ್ನು ಇಟ್ಟುಕೊಂಡು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. 18 ಆಸ್ಪತ್ರೆಗಳ 461 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚರ್ಮದ ಮೂಲಕ ತೂರಿಸುವ ತೆಳು ತಂತಿ, ಕೆ-ವೈರ್. ಇನ್ನೊಂದಕ್ಕೆ ಅಂಗೈ ಕಡೆಯಿಂದ ಕೊಯ್ದು ಕೂರಿಸುವ, ಹೆಚ್ಚು ದುಬಾರಿಯಾದ ಲಾಕಿಂಗ್ ಪ್ಲೇಟು. ವರ್ಷ ಕಳೆದ ಮೇಲೆ ಎರಡು ಗುಂಪಿನವರ ಅಂಕದಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲ ಮುರಿತಕ್ಕೂ ಇದು ಅನ್ವಯಿಸದು. ಕೀಲಿನ ಮೇಲ್ಮೈಯೇ ಚೂರಾಗಿ ತೆರೆದು ಜೋಡಿಸಬೇಕಾದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಆದರೂ ಪ್ಲೇಟಿನ ಬೆಲೆ ಕೇಳಿ ಒಡವೆ ಅಡವಿಡಲು ಹೊರಟ ಮನೆಯವರಿಗೆ ಈ ಫಲಿತಾಂಶ ಗೊತ್ತಿರಬೇಕು. ವೈದ್ಯರನ್ನು ಕೇಳುವ ಧೈರ್ಯವೂ ಬೇಕು.

ಮಣಿಕಟ್ಟಿನ ಕಥೆ ಇಷ್ಟಾದರೆ ಸೊಂಟದ್ದು ಇನ್ನೂ ಗಂಭೀರ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು, ಏಳಲಾಗದೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕತ್ತು ಅಥವಾ ಕತ್ತಿಗೆ ತುಸು ಕೆಳಗಿನ ಭಾಗ ಮುರಿದಿದೆ ಅಂತಲೇ ತಿಳಿಯಬೇಕು. ಮನೆಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈ ವಯಸ್ಸಲ್ಲಿ ಆಪರೇಷನ್ ಬೇಕಾ ಡಾಕ್ಟ್ರೇ?" ಪ್ರೀತಿಯಿಂದಲೇ ಹುಟ್ಟಿದ ಪ್ರಶ್ನೆ ಅದು. ಆದರೆ ಮಲಗಿಸಿಟ್ಟರೆ ಬೆನ್ನಿನ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಈ ವಯಸ್ಸಿನವರ ಪ್ರಾಣಕ್ಕೆ ಮುರಿದ ಮೂಳೆಗಿಂತ ಆ ಹಾಸಿಗೆಯೇ ದೊಡ್ಡ ಅಪಾಯ. ಹಾಗಾದರೆ ಎಷ್ಟು ಬೇಗ ಆಪರೇಷನ್ ಆಗಬೇಕು? ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಹೊರಬಂತು. ಮುರಿತ ಗೊತ್ತಾದ ಮೇಲೆ ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಶಸ್ತ್ರಚಿಕಿತ್ಸೆ. ಮೂರು ತಿಂಗಳೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 9, ಎರಡನೆಯದರಲ್ಲಿ 10. ಆ ಅಂತರವನ್ನು ನೆಚ್ಚುವಂತಿಲ್ಲ. ಆದರೆ ಬೇಗ ಆಪರೇಷನ್ ಆದವರು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು, ಅವರಲ್ಲಿ ಚಿತ್ತಭ್ರಮೆಗೆ ಒಳಗಾದವರೂ ಕಡಿಮೆ. ಅಲ್ಲಿ ನಿಧಾನ ಎಂದರೆ ಒಂದು ದಿನ, ಇದನ್ನು ಗಮನಿಸಬೇಕು. ನಮ್ಮಲ್ಲಿ ಊರಿಂದ ದೊಡ್ಡ ಮಗ ಬರಲಿ, ಅಮಾವಾಸ್ಯೆ ಕಳೆಯಲಿ ಎಂದು ನಾಲ್ಕು ದಿನ ಕಾಯುವುದನ್ನು ಯಾವ ಅಧ್ಯಯನವೂ ಸಮರ್ಥಿಸುವುದಿಲ್ಲ.

ಆಪರೇಷನ್ ಆಯಿತು, ನಡೆದಾಡಿದರು. ಚೆನ್ನಾಗಿದ್ದಾರೆ ಅಂತ ಹೇಳುವುದು ಹೇಗೆ? ಸೊಂಟದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವುದು 1969ರಲ್ಲಿ ಬೋಸ್ಟನ್ನಿನ ವಿಲಿಯಂ ಹ್ಯಾರಿಸ್ ಮಾಡಿದ ನೂರು ಅಂಕದ ಪಟ್ಟಿ. ನೋವಿಲ್ಲದಿದ್ದರೆ 44. ಕುಂಟದಿದ್ದರೆ 11, ಕೋಲಿಲ್ಲದೆ ನಡೆದರೆ 11, ಬೇಕಾದಷ್ಟು ದೂರ ನಡೆದರೆ 11. ಕುರ್ಚಿಯಲ್ಲಿ ಒಂದು ಗಂಟೆ ಆರಾಮಾಗಿ ಕೂತರೆ 5. ಶೂ, ಸಾಕ್ಸ್ ಹಾಕಿಕೊಂಡರೆ 4. ಬಸ್ಸೋ ರೈಲೋ ಹತ್ತಿದರೆ 1. ತೊಂಬತ್ತು ದಾಟಿದರೆ 'ಅತ್ಯುತ್ತಮ'.

ನೆಲದ ಮೇಲೆ ಕೂರುವುದಕ್ಕೆ ಇದರಲ್ಲಿ ಅಂಕವೇ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ಮಾಡಲಾಗದ, ಕುಕ್ಕರಗಾಲಲ್ಲಿ ಕೂರಲಾಗದ, ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಉಣ್ಣಲಾಗದ ಅಜ್ಜಿಗೂ ತೊಂಬತ್ತೈದು ಬರಬಹುದು. ಕಾಗದದ ಮೇಲೆ ಅತ್ಯುತ್ತಮ. ಮನೆಯಲ್ಲಿ ಮಾತ್ರ ಬಚ್ಚಲು ಒಡೆದು ಕಮೋಡ್ ಹಾಕಿಸಬೇಕು, ಮಂಚ ತರಬೇಕು, ದೇವರ ಮುಂದೆ ಕುರ್ಚಿ ಇಡಬೇಕು. ಸೊಂಟದ ಚೆಂಡು ಬದಲಿಸಿದವರಿಗೆ ನೆಲಕ್ಕೆ ಕೂರಬೇಡಿ ಎಂದು ಹೇಳುವುದಕ್ಕೆ ಕಾರಣ ಇದೆ. ಅತಿಯಾಗಿ ಮಡಚಿದರೆ ಕೃತಕ ಚೆಂಡು ಗುಂಡಿಯಿಂದ ಜಾರಬಹುದು. ಮಂಡಿಯ ಲೆಕ್ಕವೂ ಇದೇ. ಸಮತಟ್ಟಾದ ದಾರಿಯಲ್ಲಿ ನಡೆಯಲು ಮಂಡಿ 60–65 ಡಿಗ್ರಿ ಮಡಚಿದರೆ ಸಾಕು, ಕುಕ್ಕರಗಾಲಲ್ಲಿ ಕೂರಲು 130 ಡಿಗ್ರಿಗೂ ಮೀರಬೇಕು. ಬೈಕಿನಿಂದ ಬಿದ್ದು ಮಂಡಿಯ ಕೀಲಿಗೇ ಪೆಟ್ಟಾದ ಹುಡುಗ 110 ಡಿಗ್ರಿ ಮಡಚಿದರೆ ಪ್ರಬಂಧದಲ್ಲಿ 'ಉತ್ತಮ' ಎನಿಸಿಕೊಳ್ಳಬಹುದು. ಅವನು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಎತ್ತುವವನಾದರೆ? ಕೂತು, ಬೆನ್ನಿಗೆ ಮೂಟೆ ಏರಿಸಿಕೊಂಡು ಏಳುವುದೇ ಅವನ ಅನ್ನ.

ಮೂಳೆ ಚರ್ಮ ಸೀಳಿ ಹೊರಬಂದ ಗಾಯಗಳದ್ದು ಬೇರೆಯೇ ಲೋಕ. ತುಮಕೂರು ರಸ್ತೆ ಮತ್ತಿಕೆರೆಗೆ ಹತ್ತಿರ. ಆ ಹೆದ್ದಾರಿಯಲ್ಲಿ ನೆಲಮಂಗಲದ ಬಳಿ 2016ರ ಫೆಬ್ರುವರಿಯಲ್ಲಿ ನಡೆದ ಭೀಕರ ಅಪಘಾತದ ನಂತರವೇ ಸರ್ಕಾರ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಹರೀಶ್ ಸಾಂತ್ವನ ಯೋಜನೆಯನ್ನು ತಂದದ್ದು. ಇಂಥ ಗಾಯವನ್ನು ತೊಳೆಯುವುದೇ ಮೊದಲ ದೊಡ್ಡ ಚಿಕಿತ್ಸೆ. ಏನಿಂದ ತೊಳೆಯಬೇಕು? ಸೋಪಿನ ದ್ರಾವಣ ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ, ಜೋರಾಗಿ ಚಿಮ್ಮಿಸುವ ಯಂತ್ರ ಇನ್ನೂ ಚೆನ್ನಾಗಿ ತೆಗೆಯುತ್ತದೆ ಎಂದು ಹಲವರು ನಂಬಿದ್ದರು. ಭಾರತವೂ ಸೇರಿ ಐದು ದೇಶಗಳ 2,447 ರೋಗಿಗಳ ಲೆಕ್ಕ 2015ರಲ್ಲಿ ಬಂತು. ಸೋಪಿನಿಂದ ತೊಳೆಸಿಕೊಂಡವರಲ್ಲಿ ಶೇ 14.8 ಜನರಿಗೆ ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾಯಿತು, ಬರೀ ಸಲೈನಿನಿಂದ ತೊಳೆಸಿಕೊಂಡವರಲ್ಲಿ ಶೇ 11.6. ಒತ್ತಡ ಹೆಚ್ಚಿರಲಿ ಕಡಿಮೆಯಿರಲಿ ವ್ಯತ್ಯಾಸವಿಲ್ಲ. ಅಂದರೆ ಸ್ಟ್ಯಾಂಡಿಗೆ ನೇತುಹಾಕಿದ ಉಪ್ಪುನೀರಿನ ಬಾಟಲಿಯಿಂದ ತಾನಾಗಿ ಇಳಿಯುವ ಧಾರೆ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲೂ ಇರುವ ಸಾಮಾನು ಅದು. ಈ ಫಲಿತಾಂಶ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಎದುರು ಮನೆಯವರ ಪುತ್ತೂರು ಕಟ್ಟಿನ ಮಾತು. ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದಲ್ಲಿ ತಿರುಪತಿಯ ಸಮೀಪದ್ದು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಅದರ ಬೋರ್ಡು ಕಾಣುತ್ತದೆ. ಅವರ ಯಜಮಾನರಿಗೆ ವಾಸಿಯಾದದ್ದು ಸುಳ್ಳಲ್ಲ. ಜರುಗದ ಮುರಿತಗಳು, ಕಾಲರ್ ಬೋನಿನ ಹಲವು ಮುರಿತಗಳು ಹಿಡಿದಿಟ್ಟರೆ ತಾವಾಗಿ ಕೂಡುತ್ತವೆ. ಆದರೆ ಕಟ್ಟು ಬಿಗಿಯಾಗಿ, ಒಳಗೆ ಊತ ಏರಿ, ರಕ್ತ ಓಡಾಟ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಬಿಗಿಯಾದ ಕಟ್ಟಿನಿಂದ ಕೈಬೆರಳು ಕೊಕ್ಕೆಯಂತೆ ಮಡಚಿಕೊಂಡುಬಿಡುವುದನ್ನು ಜರ್ಮನಿಯ ಫೋಲ್ಕ್‌ಮಾನ್ 1881ರಲ್ಲೇ ವಿವರಿಸಿದ್ದ. ಆಸ್ಪತ್ರೆಯ ಪ್ಲಾಸ್ಟರೂ ಬಿಗಿಯಾದರೆ ಇದನ್ನೇ ಮಾಡುತ್ತದೆ. ಯಾರೇ ಕಟ್ಟಿರಲಿ, ನೋವು ಏರುತ್ತಲೇ ಹೋದರೆ, ಬೆರಳು ಬಿಡಿಸಿದಾಗ ಜೀವ ಹೋದಂತಾದರೆ, ಜೋಮು ಹಿಡಿದರೆ, ಬೆಳಗಾಗಲಿ ಎಂದು ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಬಿಚ್ಚಿಸಬೇಕು.

ಯಾವುದು ಎಷ್ಟು ಒಳ್ಳೆಯದು ಎಂದು ತೂಗಲು ಹೊರಟರೆ ಒಂದು ತೊಡಕು ಎದುರಾಗುತ್ತದೆ. ಕಟ್ಟಿನಿಂದ ಕೆಟ್ಟವರು ಕಟ್ಟು ಹಾಕಿದವರ ಹತ್ತಿರ ಮರಳಿ ಹೋಗುವುದಿಲ್ಲ, ಆಸ್ಪತ್ರೆಗೆ ಬರುತ್ತಾರೆ. ಹಾಗಾಗಿ ಅವರಿಗೆ ಕಾಣುವುದು ಗೆಲುವು, ವೈದ್ಯರಿಗೆ ಕಾಣುವುದು ಸೋಲು. ಆಸ್ಪತ್ರೆಗೂ ಇದೇ ಗತಿ. ಆಪರೇಷನ್ ಮಾಡಿಸಿಕೊಂಡು ಶಿರಾಕ್ಕೋ ಗೌರಿಬಿದನೂರಿಗೋ ಮರಳಿದವರು ಆರು ತಿಂಗಳಿಗೆ ಬರದಿದ್ದರೆ, ಅವರು ಗುಣವಾಗಿ ಹೊಲಕ್ಕೆ ಇಳಿದರೋ, ನೋವು ತಾಳದೆ ಬೇರೆ ಕಡೆ ಹೋದರೋ? ಪ್ರಬಂಧದಲ್ಲಿ ಅವರ ಮುಂದೆ ಖಾಲಿ ಮನೆ. ಬಂದವರದ್ದಷ್ಟೇ ಕೂಡಿ ಶೇ 90 ಉತ್ತಮ ಎಂದು ಬರೆದರೆ ಎದುರು ಮನೆಯವರ ಮಾತಿಗೂ ಆ ಲೆಕ್ಕಕ್ಕೂ ವ್ಯತ್ಯಾಸ ಏನು ಉಳಿಯಿತು? ಪಿಜಿಗಳು ಹಗಲಿಡೀ ವಾರ್ಡಿನಲ್ಲಿ ದುಡಿದು ರಾತ್ರಿ ಕೂತು ಹಳೇ ನಂಬರುಗಳಿಗೆ ಫೋನ್ ಮಾಡುವುದು ಈ ಖಾಲಿ ಮನೆಗಳನ್ನು ತುಂಬಲಿಕ್ಕೆ. ಎಷ್ಟೋ ನಂಬರು ಚಾಲ್ತಿಯಲ್ಲಿ ಇರುವುದಿಲ್ಲ.

ವರ್ಷ ತುಂಬಿದಾಗ ನಮ್ಮನೆಗೂ ಫೋನ್ ಬಂತು. ಅಮ್ಮ ಸ್ಪೀಕರಿಗೆ ಹಾಕಿ, ಮಡಿಲಲ್ಲಿ ಮಲ್ಲಿಗೆ ಮೊಗ್ಗು ಹರಡಿಕೊಂಡು ಕೂತಿದ್ದಳು. ನೋವು ಎಷ್ಟಮ್ಮಾ? ಎರಡು ಅನ್ಕೋ. ಗುಂಡಿ ಹಾಕೋಕೆ? ಆಗುತ್ತೆ. ಭಾರ ಎತ್ತೋಕೆ? ಪರವಾಗಿಲ್ಲ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವಳೇ ಹೇಳಿದಳು: "ಹೂವು ಕಟ್ತೀನಪ್ಪ, ಅದೇನೂ ತೊಂದ್ರೆ ಇಲ್ಲ. ಟವೆಲ್ಲೂ ಹಿಂಡ್ತೀನಿ. ಸೀರೆ ಹಿಂಡಕ್ಕೆ ಮಾತ್ರ ಇನ್ನೂ ಬರಲ್ಲ, ನೋಡು."

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. "ಒಂದ್ನಿಮಿಷ ಅಮ್ಮಾ, ಬರ್ಕೋತಿದೀನಿ" ಅಂದ ಅವನು.